ಅಜ್ಜನ ಪ್ರಶ್ನೆ ಹಿಡಿದು ಮೋಶಿಗೆ: ಒಂಬತ್ತನೆಯ ತರಗತಿಯ ಕೃಷಿ ಪ್ರವಾಸ, ನನ್ನ ಅನುಭವ

ಕಳೆದ ಡಿಸೆಂಬರ್‌ನಲ್ಲಿ ಮುಂಬಯಿಯ ಒಂದು ಕನ್ನಡ ಮಾಧ್ಯಮ ಶಾಲೆಯ ಒಂಬತ್ತನೆಯ ತರಗತಿಯ 32 ಮಕ್ಕಳನ್ನು ಪುಣೆಯ ಮೋಶಿಯಲ್ಲಿ ನಡೆದ ಕೃಷಿ ಸಮ್ಮೇಳನಕ್ಕೆ ಕರೆದುಕೊಂಡು ಹೋಗಿದ್ದೆ. ಹೊಲ ತೋಟಗಳ ಬಗ್ಗೆ ಊರಿನ ಮನೆಯವರು ಕೇಳಿದ 16 ಪ್ರಶ್ನೆಗಳನ್ನು ಮಕ್ಕಳು ಒಯ್ದು 13ಕ್ಕೆ ಉತ್ತರ ತಂದರು. ಆ ಉತ್ತರಗಳು ಒಂದು ವಾರದೊಳಗೆ ಕಲಬುರಗಿ, ಯಾದಗಿರಿ, ವಿಜಯಪುರ, ಉಡುಪಿ ಜಿಲ್ಲೆಗಳ ಮನೆಗಳಿಗೆ ಫೋನಿನಲ್ಲಿ ತಲುಪಿದವು. ಒಟ್ಟು ಖರ್ಚು ಹತ್ತು ಸಾವಿರದೊಳಗೆ ಮುಗಿಯಿತು. ನನ್ನ ಬಿ.ಎಡ್. ಇಂಟರ್ನ್‌ಶಿಪ್‌ನ, ಎಂದರೆ ಶಾಲೆಯಲ್ಲಿ ಪಾಠ ಮಾಡುವ ತರಬೇತಿಯ, ಮೊದಲ ವಾರ ಈ ಯೋಜನೆಯನ್ನು ಮುಂದಿಟ್ಟಾಗ ಶಿಕ್ಷಕರ ಕೊಠಡಿಯಲ್ಲಿ ಅದು ನಡೆದೀತೆಂದು ನಂಬಿದವರು ಒಬ್ಬರೂ ಇರಲಿಲ್ಲ. ಈಗ ಅದೇ ಶಾಲೆಯವರೂ ನನ್ನ ಬಿ.ಎಡ್. ಸಹಪಾಠಿಗಳೂ ಪ್ರಶ್ನೆ ಚೀಟಿಯ ನಮೂನೆ ಕೇಳುತ್ತಿದ್ದಾರೆ. ಬರಿಯ ನಮೂನೆ ಕೊಟ್ಟರೆ ಏನೂ ತಿಳಿಯಲಾರದು ಎಂಬ ಕಾರಣಕ್ಕೆ ನಡೆದುದನ್ನೆಲ್ಲ ಬರೆಯುತ್ತಿದ್ದೇನೆ. ಅನುಮತಿ ಅರ್ಜಿ, ಪಾಲಕರ ಒಪ್ಪಿಗೆ ಪತ್ರ, ಪಾಠಯೋಜನೆಯ ಉದ್ದೇಶಗಳು ಇವೆಲ್ಲ ನಿಮಗೆ ಗೊತ್ತಿರುವ ಸಂಗತಿಗಳಾದ್ದರಿಂದ ಅವುಗಳನ್ನು ಬಿಟ್ಟಿದ್ದೇನೆ.

ನನ್ನ ಮೊದಲ ಪ್ರಯತ್ನ ಪೂರ್ತಿಯಾಗಿ ಸೋತಿತ್ತು. ಮೊದಲನೆಯ ವರ್ಷದ ಕಿರು ಇಂಟರ್ನ್‌ಶಿಪ್ಪಿನಲ್ಲಿ, ಫೆಬ್ರವರಿಯಲ್ಲಿ ಭಾಯಖಳದ ರಾಣಿಬಾಗಿನಲ್ಲಿ ಮಹಾನಗರಪಾಲಿಕೆ ನಡೆಸುವ ಹೂವು, ಹಣ್ಣು, ತರಕಾರಿಗಳ ಪ್ರದರ್ಶನಕ್ಕೆ ನಲವತ್ತರಷ್ಟು ಮಕ್ಕಳನ್ನು ಒಯ್ದಿದ್ದೆ. ಎರಡು ರಾತ್ರಿ ಕುಳಿತು 25 ಬಿಟ್ಟ ಸ್ಥಳಗಳ ಒಂದು ಹಾಳೆಯನ್ನು ತಯಾರಿಸಿದ್ದೆ. ಮೊದಲ ಸಾಲಿನಲ್ಲಿ ಕೂರುವ ಹುಡುಗಿಯೊಬ್ಬಳು ಇಪ್ಪತ್ತು ನಿಮಿಷದಲ್ಲಿ ಅದನ್ನು ತುಂಬಿದಳು, ಉಳಿದವರೆಲ್ಲ ಅವಳ ಹಾಳೆಯನ್ನು ನೋಡಿ ಬರೆದರು, ಅಲ್ಲಿಗೆ ಪ್ರದರ್ಶನ ಮುಗಿಯಿತು. ಮಿಕ್ಕ ಎರಡು ತಾಸು ಅವರು ಹೂಗಳ ಮುಂದೆ ಫೋಟೋ ತೆಗೆಸಿಕೊಂಡರು. ಒಬ್ಬ ಹುಡುಗನಿಗೆ ವಾಂತಿಯಾಗಿ ಅವನನ್ನು ಟ್ಯಾಕ್ಸಿಯಲ್ಲಿ ಮನೆಗೆ ತಲುಪಿಸಬೇಕಾಯಿತು, ತಿಂಡಿಯ ಲೆಕ್ಕವೂ ತಪ್ಪಿತು, ನನ್ನ ಕೈಯಿಂದಲೇ ಸುಮಾರು ಮೂರು ಸಾವಿರ ರೂಪಾಯಿ ಹೋಯಿತು. ಮರುವಾರ ತರಗತಿಯಲ್ಲಿ ಏನು ನೋಡಿದಿರಿ ಎಂದು ಕೇಳಿದರೆ "ಹೂವು, ಟೀಚರ್" ಎಂಬ ಒಂದೇ ಉತ್ತರ ಬಂದಿತು. ಆ ಉತ್ತರ ನನ್ನನ್ನು ಬಹಳ ದಿನ ಕಾಡಿತು. ಪ್ರಶ್ನೆಗಳು ನನ್ನವಾಗಿದ್ದವು, ಉತ್ತರಗಳೂ ನನಗೆ ಮೊದಲೇ ಗೊತ್ತಿದ್ದವು, ಆ ಉತ್ತರಗಳಿಗಾಗಿ ಯಾರೂ ಎಲ್ಲಿಯೂ ಕಾದಿರಲಿಲ್ಲ. ತಪ್ಪು ಇದೇ ಎಂದು ಮನಸ್ಸಿಗೆ ಹೊಳೆಯಲು ನನಗೆ ಒಂದು ಬೇಸಿಗೆ ಬೇಕಾಯಿತು.

ಎರಡನೆಯ ವರ್ಷದ ದೀರ್ಘ ಇಂಟರ್ನ್‌ಶಿಪ್ಪಿಗೆ ಸಿಕ್ಕ ಶಾಲೆಯ ಮಕ್ಕಳಲ್ಲಿ ಮುಕ್ಕಾಲು ಪಾಲು ಕಟ್ಟಡ ಕೆಲಸಕ್ಕೆಂದು ಉತ್ತರ ಕರ್ನಾಟಕದಿಂದ ಬಂದ ಕುಟುಂಬಗಳವರು. ಉಳಿದವರು ಹೋಟೆಲಿನಲ್ಲಿ ದುಡಿಯುವ ಕರಾವಳಿಯ ಮನೆಗಳವರು. ಊರಿನಲ್ಲಿ ಅಜ್ಜ ಅಜ್ಜಿಯೋ ದೊಡ್ಡಪ್ಪನೋ ಇನ್ನೂ ಹೊಲ ತೋಟಗಳಲ್ಲಿಯೇ ಇದ್ದಾರೆ. ಮಕ್ಕಳು ಮಾತ್ರ ಬೇಸಿಗೆ ರಜೆಯಲ್ಲಿ, ಎಂದರೆ ಹೊಲ ಬರಿದಾಗಿರುವಾಗ, ಊರಿಗೆ ಹೋಗಿ ಬರುವವರು. ನಾನು ಮಾಡಿದ್ದು ಇಷ್ಟೆ. ಪ್ರತಿಯೊಬ್ಬ ವಿದ್ಯಾರ್ಥಿಯೂ ಊರಿಗೆ ಫೋನ್ ಮಾಡಿ, ಈ ವರ್ಷ ಹೊಲದಲ್ಲಿ ನಿಮ್ಮನ್ನು ಕಾಡುತ್ತಿರುವ ಒಂದು ಸಂಗತಿ ಯಾವುದು ಎಂದು ಕೇಳಿ ತರಬೇಕು. ಆ ಪ್ರಶ್ನೆಯನ್ನು ಸಮ್ಮೇಳನಕ್ಕೆ ಒಯ್ಯಬೇಕು. ಸಿಕ್ಕ ಉತ್ತರವನ್ನು ಕೇಳಿದವರಿಗೇ ಮರಳಿ ಹೇಳಬೇಕು.

ನನ್ನ ಮಾರ್ಗದರ್ಶಕ ಶಿಕ್ಷಕರು ಅನುಭವಿಗಳು, ಅವರ ಆಕ್ಷೇಪವನ್ನು ಹಗುರವಾಗಿ ಕಾಣುವಂತಿರಲಿಲ್ಲ. "ಮೇಡಂ, ಹೊಲದ ಕಷ್ಟ ಸಾಕಾಗಿ ಇಲ್ಲಿಗೆ ಬಂದ ಜನ ಇವರು. ಮಕ್ಕಳು ಅದನ್ನು ಮರೆಯಲಿ ಅಂತಲೇ ಓದಿಸುತ್ತಿದ್ದಾರೆ. ನೀವು ಮತ್ತೆ ಅಲ್ಲಿಗೇ ಕರೆದುಕೊಂಡು ಹೊರಟಿದ್ದೀರಲ್ಲ?" ಎಂದರು. ಇನ್ನೊಬ್ಬ ಶಿಕ್ಷಕಿ, ಅಲ್ಲಿ ಮಕ್ಕಳು ಮಾಡುವುದು ಪುಕ್ಕಟೆ ಚೀಲ, ಟೊಪ್ಪಿಗೆಗಳನ್ನು ಕೂಡಿಹಾಕುವುದೊಂದೇ ಎಂದರು. ಎರಡೂ ಮಾತುಗಳಲ್ಲಿ ಸತ್ಯವಿತ್ತು. ಮೊದಲನೆಯದಕ್ಕೆ ಬಾಯಿಮಾತಿನಲ್ಲಿ ಉತ್ತರಿಸಲು ನನ್ನಿಂದಾಗಲಿಲ್ಲ. ಎರಡನೆಯದಕ್ಕೆ ಒಂದು ಉಪಾಯ ಮಾಡಿದೆ: ಅಂದು ಯಾರ ಕೈಯಲ್ಲಿಯೂ ಚೀಲವಿರಲಿಲ್ಲ. ಇಬ್ಬರಿಗೆ ಒಂದು ರಟ್ಟು, ಒಂದು ಪೆನ್ಸಿಲ್, ಒಂದು ಪ್ರಶ್ನೆ ಬರೆದ ಒಂದು ಚೀಟಿ. ಊಟದ ಡಬ್ಬಿಗಳೆಲ್ಲ ದೊಡ್ಡವರ ಬಳಿಯಿದ್ದ ನಾಲ್ಕು ಗೋಣಿಚೀಲಗಳಲ್ಲಿ ಇದ್ದವು.

ಪ್ರಶ್ನೆ ತರುವ ಕೆಲಸಕ್ಕೇ ಸುಮಾರು ಐದು ವಾರ ಹಿಡಿಯಿತು. ಮೊದಲ ವಾರ ಬಂದ ಪ್ರಶ್ನೆಗಳು ಯಾತಕ್ಕೂ ಬಾರದವು. "ಮಳೆ ಯಾವಾಗ ಬರ್ತದ?", "ರೇಟು ಯಾಕ ಇಲ್ಲ?" ಎಂಬವೇ ಹೆಚ್ಚು. ಆ ಪ್ರಶ್ನೆಗಳು ಸುಳ್ಳಲ್ಲ, ಆದರೆ ಒಂದು ಮಳಿಗೆಯ ಮುಂದೆ ನಿಂತು ಹತ್ತು ನಿಮಿಷದಲ್ಲಿ ಅವಕ್ಕೆ ಉತ್ತರ ಪಡೆಯುವಂತಿರಲಿಲ್ಲ. ಆಮೇಲೆ ಒಂದು ನಿಯಮ ಮಾಡಿದೆವು: ಪ್ರಶ್ನೆ ಕೈಯಿಂದ ಮುಟ್ಟಬಹುದಾದ ವಸ್ತುವಿನದಾಗಿರಬೇಕು, ಸಾಧ್ಯವಾದರೆ ಆ ವಸ್ತುವೇ ನಮ್ಮ ಕೈಸೇರಬೇಕು. ಕಲಬುರಗಿ, ವಿಜಯಪುರಗಳಿಂದ ಮುಂಬಯಿಗೆ ಬರುವ ರಾತ್ರಿ ಬಸ್ಸುಗಳಲ್ಲಿ ಪಾರ್ಸಲ್ ತರಿಸಿಕೊಳ್ಳುವುದು ಈ ಕುಟುಂಬಗಳಿಗೆ ರೂಢಿಯಿದೆ. ರೊಟ್ಟಿ, ಶೇಂಗಾ ಹಿಂಡಿಗಳ ಜೊತೆಯಲ್ಲಿ ನಮಗಾಗಿ ಮಣ್ಣಿನ ಪೊಟ್ಟಣ, ಒಣಗಿದ ತೊಗರಿ ಗಿಡ, ಹನಿ ನೀರಾವರಿಯ ಪೈಪಿನ ಮೊಳದುದ್ದದ ತುಂಡು ಬಂದವು. ಒಂದು ಪಾರ್ಸಲ್ ದಾರಿಯಲ್ಲಿಯೇ ಕಳೆದುಹೋಯಿತು, ಇನ್ನೊಂದರಲ್ಲಿ ಮಣ್ಣಿಗೆ ಉಪ್ಪಿನಕಾಯಿಯ ಎಣ್ಣೆ ಸುರಿದಿತ್ತು. ಪಾರ್ಸಲ್ಲಿಗೆ ಒಟ್ಟು ಆರೇಳು ನೂರು ರೂಪಾಯಿ ಆಗಿರಬಹುದು. ಅದನ್ನು ಮನೆಯವರೇ ಕೊಟ್ಟಿದ್ದರಿಂದ ನನ್ನ ಲೆಕ್ಕದಲ್ಲಿ ಸೇರಿಲ್ಲ.

ಪಾರ್ಸಲ್ ಬಂದ ಮೇಲೆ ತರಗತಿಯ ನಡೆಯೇ ಬೇರೆಯಾಯಿತು. ಅಫಜಲಪುರದ ಕಪ್ಪು ಮಣ್ಣು, ಕಾರ್ಕಳದ ಕೆಂಪು ಮಣ್ಣು, ನಮ್ಮ ಶಾಲೆಯ ಅಂಗಳದ ಮಣ್ಣು, ಮೂರನ್ನೂ ಒಂದೇ ಅಳತೆಯ ಬಾಟಲಿಗಳಿಗೆ ಹಾಕಿ, ನೀರು ತುಂಬಿ, ಕುಲುಕಿ, ಕಿಟಕಿಯ ಕಟ್ಟೆಯ ಮೇಲೆ ಇಟ್ಟೆವು. ಕೆಂಪು ಮಣ್ಣಿನ ನೀರು ಅದೇ ದಿನ ಸಂಜೆಗೆ ಬಹುಮಟ್ಟಿಗೆ ತಿಳಿಯಾಯಿತು. ಕಪ್ಪು ಮಣ್ಣಿನದು ಮೂರನೆಯ ದಿನವೂ ಕದಡಿಯೇ ಇತ್ತು. ಜೇಡಿಯ ಕಣ ಎಷ್ಟು ಸಣ್ಣದು, ಅದು ನೀರನ್ನು ಏಕೆ ಬಿಡುವುದಿಲ್ಲ ಎಂಬುದನ್ನು ನಾನು ಹಲಗೆಯ ಮೇಲೆ ಬರೆಯಬೇಕಾಗಲಿಲ್ಲ. ಹಿಂಗಾರಿ ಜೋಳವನ್ನು ಬಣ್ಣದ ಡಬ್ಬಿಗಳಲ್ಲಿ ಶಾಲೆಯ ತಾರಸಿಯ ಮೇಲೆ ಬಿತ್ತಿದ್ದೂ ಉಂಟು. ಮೊಳಕೆ ಚೆನ್ನಾಗಿ ಬಂದಿತು, ದೀಪಾವಳಿ ರಜೆಯಲ್ಲಿ ನೀರು ಹಾಕುವವರಿರಲಿಲ್ಲ, ಉಳಿದುದನ್ನು ಪಾರಿವಾಳಗಳು ಕಿತ್ತವು. ಮತ್ತೊಮ್ಮೆ ಮಾಡುವುದಾದರೆ ರಜೆಗೆ ಮುಂಚೆಯೇ ಹಳೆಯ ಸೀರೆಯ ಬತ್ತಿಗಳನ್ನು ಡಬ್ಬಿಗೆ ಇಳಿಸಿ, ಇನ್ನೊಂದು ತುದಿಯನ್ನು ನೀರಿನ ಬಕೆಟ್ಟಿನಲ್ಲಿ ಇಡುತ್ತೇನೆ.

ಪೈಪಿನ ತುಂಡು ವಿಜಯಪುರ ಜಿಲ್ಲೆಯ ಇಂಡಿ ಕಡೆಯ ನಿಂಬೆ ತೋಟದ್ದು. ನೀರು ಹನಿಯುವ ಬಾಯಿಗಳೆಲ್ಲ ಬಿಳಿಯ ಗಟ್ಟಿ ಪದರ ಕಟ್ಟಿ ಮುಚ್ಚಿಹೋಗಿದ್ದವು. ಹುಡುಗನ ದೊಡ್ಡಪ್ಪ ಅವನ್ನು ಸೂಜಿಯಿಂದ ಚುಚ್ಚಿ ಬಿಡಿಸುತ್ತಿದ್ದರಂತೆ, ಎಂಟು ದಿನಕ್ಕೆ ಮತ್ತೆ ಮುಚ್ಚುತ್ತಿದ್ದವಂತೆ. ತರಗತಿಯಲ್ಲಿ ಆ ಪದರದ ಮೇಲೆ ಅಡುಗೆಯ ವಿನೆಗರ್ ಹಾಕಿದಾಗ ನೊರೆಗುಳ್ಳೆ ಎದ್ದಿತು. ಸುಣ್ಣದಂಶದ ಕಾರ್ಬೊನೇಟ್ ಆಮ್ಲದಲ್ಲಿ ಕರಗಿ ಇಂಗಾಲದ ಡೈಆಕ್ಸೈಡ್ ಬಿಡುತ್ತದೆ ಎಂಬ ಪಾಠವನ್ನು ನಾನು ಇದಕ್ಕಿಂತ ಚೆನ್ನಾಗಿ ಎಂದೂ ಮಾಡಿಲ್ಲ. ಆದರೆ ಎರಡು ಎಕರೆಯ ಪೈಪುಗಳಿಗೆ ವಿನೆಗರ್ ಹಾಕಲಾಗದು. ಹಾಗಾದರೆ ಯಾವುದನ್ನು, ಎಷ್ಟು, ಹೇಗೆ ಹಾಕಬೇಕು? ಇದು ಚೀಟಿಗೆ ಹೋಗಲು ಯೋಗ್ಯವಾದ ಪ್ರಶ್ನೆಯಾಯಿತು.

ಒಂದು ಕಷ್ಟವನ್ನು ನಾನು ಮೊದಲೇ ಊಹಿಸಬೇಕಾಗಿತ್ತು, ಊಹಿಸಲಿಲ್ಲ. ಏಳೆಂಟು ಮಕ್ಕಳ ಮನೆಗಳಿಗೆ ಊರಿನಲ್ಲಿಯೂ ಭೂಮಿಯಿಲ್ಲ. "ನಮ್ಮ ಹೊಲಾನ ಇಲ್ಲ ಟೀಚರ್, ನಾನು ಏನು ಕೇಳಲಿ?" ಎಂದು ಯಾದಗಿರಿ ಕಡೆಯ ಹುಡುಗಿಯೊಬ್ಬಳು ಎಲ್ಲರ ಮುಂದೆ ಕೇಳಿದಾಗ ನನಗೆ ನಾಚಿಕೆಯಾಯಿತು. ಆ ದಿನ ಸಂಜೆಯೇ ಪ್ರಶ್ನೆಯ ಮಾತನ್ನು ಬದಲಿಸಿದೆ: "ನಿಮ್ಮ ಹೊಲದಲ್ಲಿ" ಎಂಬುದನ್ನು ತೆಗೆದು "ನೀವು ಹೊಲದಲ್ಲಿ ಕೆಲಸ ಮಾಡುವಾಗ" ಎಂದು ಹಾಕಿದೆ. ಅವಳ ಅಜ್ಜಿ ಕೂಲಿಗೆ ಹೋಗಿ ದಿನವಿಡೀ ಕುಕ್ಕರಗಾಲಿನಲ್ಲಿ ಕುಳಿತು ಕುರುಪಿಯಿಂದ ಕಸ ತೆಗೆಯುವವರು. ನಿಂತುಕೊಂಡೇ ಕಸ ತೆಗೆಯಲು ಏನಾದರೂ ಇದೆಯೇ, ಅದು ನಮ್ಮ ಕಡೆಯ ಎರೆ (ಕಪ್ಪು) ಮಣ್ಣಿನಲ್ಲಿ ನಡೆಯುತ್ತದೆಯೇ ಎಂಬುದು ಅವರ ಪ್ರಶ್ನೆಯಾಗಿತ್ತು. ಹದಿನಾರರಲ್ಲಿ ಇದೇ ಅತ್ಯುತ್ತಮ ಪ್ರಶ್ನೆಯೆಂದು ನಾನು ಆಗಲೇ ತಿಳಿದಿದ್ದೆ.

ಇನ್ನು ಭಾಷೆಯ ವಿಷಯ. ಮೋಶಿಯಲ್ಲಿ ಮಾತೆಲ್ಲ ಮರಾಠಿ, ಅಲ್ಲಲ್ಲಿ ಹಿಂದಿ. ನಮ್ಮ ಮಕ್ಕಳಿಗೆ ಎರಡೂ ಬರುತ್ತವೆ, ಆದರೆ ಅದು ಚಾಳಿನ, ಲೋಕಲ್ ಗಾಡಿಯ ಮರಾಠಿ. ಬೇಸಾಯದ ಶಬ್ದಗಳು ಅದರಲ್ಲಿಲ್ಲ. ನವೆಂಬರ್‌ನಲ್ಲಿ ಹತ್ತಿರದ ನರ್ಸರಿಯೊಂದರಲ್ಲಿ ತಾಲೀಮು ಮಾಡಿಸಿದಾಗ ಆರು ಜೋಡಿಗಳಲ್ಲಿ ಐದು ಜೋಡಿಗಳು ಮೊದಲ ವಾಕ್ಯದಲ್ಲಿಯೇ ನಿಂತುಬಿಟ್ಟವು. ಅಂದಿನಿಂದ ಪ್ರತಿ ಚೀಟಿಯ ಹಿಂಬದಿಯಲ್ಲಿ ಐದಾರು ಮರಾಠಿ ಶಬ್ದಗಳನ್ನು ಕನ್ನಡ ಲಿಪಿಯಲ್ಲಿ ಬರೆಸಿದೆ. ತೊಗರಿಯ ನೆಟೆ ರೋಗಕ್ಕೆ ಅಲ್ಲಿ ಮರ್ ರೋಗ, ಗೊಡ್ಡು ರೋಗಕ್ಕೆ ವಾಂಝ್ ರೋಗ, ಹನಿ ನೀರಾವರಿಗೆ ಠಿಬಕ್ ಸಿಂಚನ, ಹಿಂಗಾರಿ ಜೋಳಕ್ಕೆ ಶಾಳೂ, ಮೈಲುತುತ್ತಿಗೆ, ಎಂದರೆ ತಾಮ್ರದ ಸಲ್ಫೇಟಿಗೆ, ಮೋರ್‌ಚೂದ್. ಕೊನೆಯದನ್ನು ನೋಡಿ ಒಬ್ಬ ಹುಡುಗ, ಮೋರ್ ಎಂದರೆ ನವಿಲು, ನಮ್ಮ ಮೈಲು ಎಂದರೂ ನವಿಲೇ ಅಲ್ಲವೇ ಟೀಚರ್ ಎಂದು ಕೇಳಿದ. ಹೌದು, ಸಂಸ್ಕೃತದ ಮಯೂರತುತ್ಥವೇ ನಮ್ಮಲ್ಲಿ ಮೈಲುತುತ್ತಾಯಿತು. ಆ ನೀಲಿ ಹರಳನ್ನು ಕಂಡ ಎರಡೂ ನಾಡಿನವರಿಗೆ ನವಿಲಿನ ಕೊರಳೇ ನೆನಪಾಗಿದೆ. ನಮ್ಮ ಮಕ್ಕಳ ಎರಡು ಮೂರು ಭಾಷೆಗಳನ್ನು ತೊಡಕೆಂದು ಬರೆಯುವುದು ಇಂಟರ್ನ್‌ಶಿಪ್ ವರದಿಗಳಲ್ಲಿ ಒಂದು ಅಭ್ಯಾಸವಾಗಿಬಿಟ್ಟಿದೆ. ಆ ದಿನ ಮೋಶಿಯಲ್ಲಿ ಅದೇ ನಮ್ಮ ಬಲವಾಗಿತ್ತು.

ಹಣದ ಮಾತು ವಿವರವಾಗಿ ಹೇಳಬೇಕು, ಏಕೆಂದರೆ ಹೆಚ್ಚಿನ ಪ್ರವಾಸಗಳು ಅಲ್ಲಿಯೇ ನಿಲ್ಲುತ್ತವೆ. ಖಾಸಗಿ ಬಸ್ಸಿನವರು ಹೋಗಿ ಬರಲು ಇಪ್ಪತ್ತೆಂಟು ಸಾವಿರ ಕೇಳಿದರು. ರಾಜ್ಯ ಸಾರಿಗೆಯ ಎಸ್.ಟಿ. ಬಸ್ಸಿಗೆ ಶಾಲಾ ಪ್ರವಾಸದ ರಿಯಾಯಿತಿಯಿದ್ದರೂ ಅದು ನಮ್ಮ ಕೈಗೆಟುಕುವಂತಿರಲಿಲ್ಲ. ರೈಲಿನಲ್ಲಿ ಶೈಕ್ಷಣಿಕ ಪ್ರವಾಸಕ್ಕೆ ದ್ವಿತೀಯ ದರ್ಜೆಯಲ್ಲಿ ವಿದ್ಯಾರ್ಥಿಗಳಿಗೆ ಅರ್ಧ ದರದ ರಿಯಾಯಿತಿ ಇರುವುದನ್ನು ನಮ್ಮಲ್ಲಿ ಬಹಳ ಶಾಲೆಗಳು ಬಳಸಿಕೊಳ್ಳುವುದಿಲ್ಲ. ಮುಖ್ಯಾಧ್ಯಾಪಕರ ಪತ್ರದೊಂದಿಗೆ ನಾನು ಮೂರು ಸಲ ರೈಲ್ವೆ ಕಚೇರಿಗೆ ಅಲೆದೆ. ಮೊದಲ ಸಲ ವಯಸ್ಸಿನ ಪಟ್ಟಿ ಇಲ್ಲವೆಂದರು, ಎರಡನೆಯ ಸಲ ಮೊಹರು ಸರಿಯಿಲ್ಲವೆಂದರು, ಮೂರನೆಯ ಸಲ ಕೆಲಸವಾಯಿತು. ಮಕ್ಕಳ ಟಿಕೆಟ್ಟಿಗೆ ಎರಡೂ ಕಡೆಯ ಲೆಕ್ಕ ಸೇರಿ ಮೂರು ಸಾವಿರದ ಎಂಟುನೂರರ ಆಸುಪಾಸು, ಐವರು ದೊಡ್ಡವರದು ಸಾವಿರದ ಮೇಲೆ ನೂರೈವತ್ತರಷ್ಟು ಬಿತ್ತು. ಪುಣೆಯೊಳಗಿನ ಮೆಟ್ರೋ ಮತ್ತು ಬಸ್ಸಿಗೆ ಎರಡು ಸಾವಿರದ ಆರುನೂರು, ಚಹಾ ತಿಂಡಿಗೆ ಒಂಬೈನೂರು, ಝೆರಾಕ್ಸ್, ರಟ್ಟು, ಫೋನಿನ ರೀಚಾರ್ಜಿಗೆ ಏಳುನೂರು, ಪ್ರವೇಶ ಮತ್ತು ಚಿಲ್ಲರೆ ಖರ್ಚಿಗೆ ನಾನೂರು. ಮಕ್ಕಳು ತಲಾ ಇನ್ನೂರು ಕೊಟ್ಟರು. ನಾಲ್ಕು ಮನೆಗಳು ಅದನ್ನು ಹತ್ತು ಹತ್ತು ರೂಪಾಯಿಯಾಗಿ ಎರಡು ತಿಂಗಳಲ್ಲಿ ಕಟ್ಟಿದವು. ಶಾಲೆ ಒಂದು ಸಾವಿರ ಕೊಟ್ಟಿತು. ಹೋಟೆಲಿನ ಮಾಲೀಕರೊಬ್ಬರು ಎರಡೂವರೆ ಸಾವಿರ ರೂಪಾಯಿಯನ್ನೂ ಬೆಳಗಿನ ಇಡ್ಲಿ ಚಟ್ನಿಯನ್ನೂ ಕೊಟ್ಟರು. ಅವರು ಹಣ ಕೊಡಲು ಒಪ್ಪಿದ್ದು ಹೇಗೆ ಎಂಬುದನ್ನು ನಾನು ಇಲ್ಲಿ ಬರೆಯುವುದಿಲ್ಲ. ಅವರಿಗೆ ನಾನು ಕೇಳಿದ ಮೊದಲ ಪ್ರಶ್ನೆ ಹಣದ್ದಾಗಿರಲಿಲ್ಲ ಎಂದಷ್ಟೇ ಹೇಳುತ್ತೇನೆ.

ಬೆಳಗಿನ ಜಾವ ಆರರೊಳಗೆ ದಾದರ್ ಬಿಡುವ ಇಂದ್ರಾಯಣಿ ಎಕ್ಸ್‌ಪ್ರೆಸ್ಸಿಗೆ ಹತ್ತಿದೆವು. ಕರ್ಜತ್‌ನಲ್ಲಿ ಘಟ್ಟ ಏರಲು ಹಿಂದಿನಿಂದ ಹೆಚ್ಚುವರಿ ಎಂಜಿನ್ ಜೋಡಿಸುವುದನ್ನು ನೋಡಲು ಎಲ್ಲರೂ ಎದ್ದರು. ಭೋರ್ ಘಟ್ಟದ ಸುರಂಗಗಳ ನಡುವೆ ಕಾಣುವ ಕಪ್ಪು ಬಂಡೆಯನ್ನು ತೋರಿಸಿ, ಲಾವಾರಸ ಪದರ ಪದರವಾಗಿ ಹೆಪ್ಪುಗಟ್ಟಿ ಆದ ಈ ಬಸಾಲ್ಟ್ ಹಾಸೇ ಪೂರ್ವಕ್ಕೆ ಚಾಚಿ ವಿಜಯಪುರ, ಬೀದರ್, ಕಲಬುರಗಿಗಳ ವರೆಗೆ ಬಂದಿದೆ, ನಿಮ್ಮ ಬಾಟಲಿಯಲ್ಲಿ ಮೂರು ದಿನ ಕದಡಿದ್ದ ಮಣ್ಣು ಈ ಜಾತಿಯ ಕಲ್ಲು ಸವೆದು ಆದದ್ದು ಎಂದೆ. ಭೂಗೋಳದ ಪಾಠವನ್ನು ಇದಕ್ಕೆ ಹೆಚ್ಚು ಎಳೆಯಲಿಲ್ಲ. ಪುಣೆ ನಿಲ್ದಾಣದಿಂದ ಮೆಟ್ರೋ ಹಿಡಿದು, ಸಿವಿಲ್ ಕೋರ್ಟಿನಲ್ಲಿ ಬದಲಿಸಿ, ನಾಸಿಕ್ ಫಾಟಾದಲ್ಲಿ ಇಳಿದು, ಭೋಸರಿ ದಾಟಿ ಬಸ್ಸಿನಲ್ಲಿ ಮೋಶಿ ಸೇರುವಾಗ ಹನ್ನೊಂದಾಗಿತ್ತು. ಮೆಟ್ರೋ ಬದಲಿಸುವಲ್ಲಿ ಇಬ್ಬರು ಹುಡುಗರು ಹಿಂದುಳಿದು ಹತ್ತು ನಿಮಿಷ ನನ್ನ ಎದೆ ಒಡೆಯುವಂತಾಯಿತು. ಎಣಿಕೆಯನ್ನು ಗಾಡಿ ಹತ್ತುವ ಮುಂಚೆ ಮಾಡಬೇಕು, ಹತ್ತಿದ ಮೇಲಲ್ಲ.

ಮೊದಲ ಒಂದು ತಾಸು ಮತ್ತೆ ಸೋಲಿನ ಕಡೆಗೇ ಹೊರಟಿತ್ತು. ಮಕ್ಕಳು ಪ್ರಶ್ನೆ ಕೇಳುತ್ತಲೇ ಮಳಿಗೆಯವರು ಒಂದು ಬಾಟಲಿ ಎತ್ತಿ ಇದನ್ನು ಹಾಕಿ ಎನ್ನುತ್ತಿದ್ದರು, ಮಕ್ಕಳು ಬಾಟಲಿಯ ಹೆಸರು ಬರೆದುಕೊಂಡು ಉತ್ತರ ಸಿಕ್ಕಿತೆಂದು ಓಡಿ ಬರುತ್ತಿದ್ದರು. ತೊಗರಿಯ ಜೋಡಿಗೆ ಹೀಗೆ ಮೂರು ಬಾಟಲಿಗಳ ಹೆಸರು ಸಿಕ್ಕಿತ್ತು. ನಾನು ಎಲ್ಲರನ್ನೂ ನೆರಳಿನಲ್ಲಿ ಕೂಡಿಸಿ ಅಲ್ಲಿಯೇ ನಿಯಮ ಬಿಗಿ ಮಾಡಿದೆ. ಒಂದೇ ಪ್ರಶ್ನೆಯನ್ನು ಮೂರು ಕಡೆ ಕೇಳಬೇಕು, ಮೂರರಲ್ಲಿ ಒಂದು ಕಡೆಯವರಾದರೂ ಏನನ್ನೂ ಮಾರದವರಾಗಿರಬೇಕು, "ಏನು ಹಾಕಬೇಕು" ಎನ್ನುವ ಮುಂಚೆ "ಹೀಗೇಕಾಗುತ್ತದೆ" ಎಂದು ಕೇಳಬೇಕು. ಮಾರದವರೆಂದರೆ ನಮಗೆ ಮುಖ್ಯವಾಗಿ ಸಿಕ್ಕಿದ್ದು ನೋಡಲು ಬಂದಿದ್ದ ರೈತರೇ. ಅವರನ್ನು ಮಾತಿಗೆ ಎಳೆಯಲು ನಾನು ಮಕ್ಕಳಿಗೆ ಹೇಳಿಕೊಟ್ಟ ಒಂದು ವಾಕ್ಯವಿದೆ. ಅದನ್ನು ಈ ವರ್ಷವೂ ಬಳಸುವವಳಿದ್ದೇನಾದ್ದರಿಂದ ಸದ್ಯಕ್ಕೆ ನನ್ನಲ್ಲಿಯೇ ಇಟ್ಟುಕೊಳ್ಳುತ್ತೇನೆ.

ಆಮೇಲಿನ ನಾಲ್ಕು ತಾಸು ನನ್ನ ಜೀವನದ ಅತ್ಯುತ್ತಮ ಪಾಠಗಳೆಂದು ಸಂಕೋಚವಿಲ್ಲದೆ ಹೇಳುತ್ತೇನೆ. ಅಫಜಲಪುರದ ಅಜ್ಜನ ಮಾತು "ತೊಗರಿ ನಿಂತಲ್ಲೇ ಒಣಗ್ತದ" ಎಂದಿತ್ತು. ಹುಡುಗರು ಒಣ ಗಿಡವನ್ನು ಮುಂದಿಟ್ಟಾಗ ಮರಾಠವಾಡದ ವೃದ್ಧ ರೈತರೊಬ್ಬರು ಚಾಕುವಿನಿಂದ ಅದರ ಕಾಂಡವನ್ನು ಉದ್ದಕ್ಕೆ ಸೀಳಿ, ತೊಗಟೆಯ ಒಳಗೆ ಕಪ್ಪು ಗೆರೆ ತೋರಿಸಿ, ಇದು ಮರ್ ರೋಗ, ವಾಂಝ್ ಅಲ್ಲ ಎಂದರು. ನೆಟೆ ರೋಗದ ಶಿಲೀಂಧ್ರ ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ, ಆದ್ದರಿಂದ ಅದೇ ಹೊಲದಲ್ಲಿ ಮತ್ತೆ ಮತ್ತೆ ತೊಗರಿ ಬಿತ್ತದೆ ನಡುವೆ ಜೋಳ ಹಾಕಬೇಕು. ಗೊಡ್ಡು ರೋಗವಾದರೆ ಗಿಡ ಒಣಗುವುದಿಲ್ಲ, ಹಸಿರಾಗಿಯೇ ಇದ್ದು ಹೂ ಬಿಡುವುದಿಲ್ಲ, ಅದನ್ನು ಹರಡುವುದು ಕಣ್ಣಿಗೆ ಕಾಣದ ನುಸಿ. ಎರಡನ್ನೂ ತಡೆಯುವ ತಳಿಯೆಂದು ಬಿ.ಎಸ್.ಎಂ.ಆರ್. 736 ಹೆಸರನ್ನು ಹೇಳಿದರು, ಬೀಜಕ್ಕೆ ಟ್ರೈಕೋಡರ್ಮಾ ಎಂಬ ಉಪಕಾರಿ ಶಿಲೀಂಧ್ರವನ್ನು ಹಚ್ಚುವುದನ್ನೂ ಹೇಳಿದರು. ಮೂರು ಬಾಟಲಿಗಳ ಹೆಸರನ್ನು ಹುಡುಗರು ತಾವಾಗಿಯೇ ಹೊಡೆದುಹಾಕಿದರು.

ಕಾರ್ಕಳದ ಹುಡುಗಿಯ ಪ್ರಶ್ನೆ ಅಡಿಕೆಯ ಕೊಳೆ ರೋಗದ್ದು. ಪುಣೆಯ ಸಮ್ಮೇಳನದಲ್ಲಿ ಅಡಿಕೆ ಬಲ್ಲವರು ಯಾರಿದ್ದಾರೆ ಎಂದು ನಾನೇ ಅವಳ ಚೀಟಿಯನ್ನು ಬದಲಿಸಲು ಹೊರಟಿದ್ದೆ, ಅವಳು ಒಪ್ಪಲಿಲ್ಲ. ಅವಳ ಮಾವ ಪ್ರತಿ ಮಳೆಗಾಲ ಮೈಲುತುತ್ತು, ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಹೊಡೆಸಿದರೂ ಕೆಲವು ವರ್ಷ ಅದು ಕೈಕೊಡುತ್ತದೆ, ಕೆಲವು ವರ್ಷ ಎಳೆಗಾಯಿಯನ್ನೇ ಸುಡುತ್ತದೆ. ನಾಸಿಕದ ದ್ರಾಕ್ಷಿ ಬೆಳೆಗಾರರೊಬ್ಬರು ಅಡಿಕೆಯನ್ನು ತಾಂಬೂಲದಲ್ಲಿ ಬಿಟ್ಟರೆ ಬೇರೆಲ್ಲಿಯೂ ಕಂಡವರಲ್ಲ, ಆದರೆ ಬೋರ್ಡೋ ಅವರಿಗೆ ಮನೆಯ ಮಾತು. ಫ್ರಾನ್ಸಿನ ದ್ರಾಕ್ಷಿ ತೋಟಗಳಲ್ಲಿ 1880ರ ದಶಕದಲ್ಲಿ ಹುಟ್ಟಿದ ಈ ಮಿಶ್ರಣವನ್ನು ಮೈಸೂರು ಸಂಸ್ಥಾನದಲ್ಲಿ ಅಡಿಕೆಯ ಕೊಳೆಗೆ ಬಳಕೆಗೆ ತಂದವರು ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ ಎಂಬುದನ್ನು ನಾನು ಮಕ್ಕಳಿಗೆ ಮೊದಲೇ ಹೇಳಿದ್ದೆ. ಅಂದು ಆ ಎರಡು ತೋಟಗಳು ನಮ್ಮ ಕಣ್ಣ ಮುಂದೆಯೇ ಮತ್ತೆ ಮಾತಾಡಿಕೊಂಡವು. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ ಎಂಬ ಲೆಕ್ಕ ಮಾವನಿಗೂ ಗೊತ್ತಿತ್ತು. ಗೊತ್ತಿರದಿದ್ದುದು ಸುಣ್ಣ ಹಳತಾದರೆ ಅದರ ಶಕ್ತಿ ಕುಂದುತ್ತದೆ, ಆಗ ಒಂದು ಕಿಲೋ ಸಾಲದು ಎಂಬುದು. ಅದನ್ನು ಕಂಡುಹಿಡಿಯಲು ಬೆಳೆಗಾರರು ಹೇಳಿದ ಪರೀಕ್ಷೆ ಸರಳವಾದದ್ದು. ಉಜ್ಜಿ ಹೊಳೆಯಿಸಿದ ಕಬ್ಬಿಣದ ಚಾಕುವನ್ನು ದ್ರಾವಣದಲ್ಲಿ ಸ್ವಲ್ಪ ಹೊತ್ತು ಅದ್ದಿ ತೆಗೆದಾಗ ಕೆಂಬಣ್ಣ ಹತ್ತಿದರೆ ತಾಮ್ರ ಹೆಚ್ಚಾಗಿ ಉಳಿದಿದೆ, ಇನ್ನಷ್ಟು ಸುಣ್ಣದ ತಿಳಿ ಬೇಕು. ಮುಂಬಯಿಗೆ ಬಂದ ಮೇಲೆ ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಅದನ್ನು ಮಾಡಿ ನೋಡಿದೆವು. ಬೇಕೆಂದೇ ಸುಣ್ಣ ಕಡಿಮೆ ಹಾಕಿದಾಗ ಮೊಳೆ ಕೆಂಪಾಯಿತು, ಸುಣ್ಣ ಸೇರಿಸಿದ ಮೇಲೆ ಅದ್ದಿದ ಹೊಸ ಮೊಳೆ ಕೆಂಪಾಗಲಿಲ್ಲ. ಕಬ್ಬಿಣವು ತಾಮ್ರವನ್ನು ಅದರ ಲವಣದಿಂದ ಹೊರದೂಡುತ್ತದೆ ಎಂಬ ಸಮೀಕರಣವನ್ನು ಆ ತರಗತಿಯಲ್ಲಿ ಇನ್ನು ಯಾರೂ ಮರೆಯಲಾರರು.

ಇಂಡಿ ಕಡೆಯ ಹುಡುಗನಿಗೆ ಠಿಬಕ್ ಮಳಿಗೆಯೊಂದರ ತಂತ್ರಜ್ಞರು ಅರ್ಧ ತಾಸು ಕೊಟ್ಟರು. ನೀರಿನ ಪಿ.ಎಚ್. (ಹುಳಿಯ ಅಳತೆ) ಸುಮಾರು 4ಕ್ಕೆ ಇಳಿಯುವಷ್ಟು ಆಮ್ಲವನ್ನು ಪೈಪುಗಳಿಗೆ ಹರಿಸಿ, ಕೆಲ ಹೊತ್ತು ನಿಲ್ಲಿಸಿ, ಆಮೇಲೆ ಕೊನೆಯ ಮುಚ್ಚಳ ತೆಗೆದು ಚೆನ್ನಾಗಿ ತೊಳೆಯಬೇಕೆಂದರು. ಬೆರೆಸುವಾಗ ಆಮ್ಲವನ್ನು ನೀರಿಗೆ ಹಾಕಬೇಕೇ ಹೊರತು ನೀರನ್ನು ಎಂದೂ ಆಮ್ಲಕ್ಕೆ ಹಾಕಬಾರದು ಎಂಬುದನ್ನು ಹುಡುಗ ಚೀಟಿಯಲ್ಲಿ ಮೂರು ಸಲ ಗೆರೆ ಎಳೆದು ಬರೆದುಕೊಂಡಿದ್ದ. ಜೋಳದ ಪ್ರಶ್ನೆ ಒಯ್ದಿದ್ದ ಜೋಡಿಗೆ, ಅವರಲ್ಲೊಬ್ಬರ ಅಜ್ಜಿ ಬೀಜವೆಂದು ಎತ್ತಿಡುವ ಬಿಳಿ ಜೋಳ ಸೊಲ್ಲಾಪುರದ ಮೋಹೋಳದಿಂದ ಬಂದ ಎಂ 35-1, ಎಂದರೆ ಮಾಲದಂಡಿ ಇರಬಹುದೆಂದೂ, ಅದು ಹೈಬ್ರಿಡ್ ಅಲ್ಲದ್ದರಿಂದ ಮನೆಯ ಬೀಜವನ್ನೇ ಮರುವರ್ಷ ಬಿತ್ತಬಹುದೆಂದೂ ಉತ್ತರ ಸಿಕ್ಕಿತು. ಉತ್ತರ ಸಿಗದ ಮೂರು ಪ್ರಶ್ನೆಗಳಲ್ಲಿ ಎರಡು ದನಗಳ ರೋಗದವು. ಅವನ್ನು ಅಲ್ಲಿಗೆ ಒಯ್ದದ್ದೇ ನನ್ನ ತಪ್ಪು, ಅವು ಪಶುವೈದ್ಯರ ಮುಂದೆ ಇಡಬೇಕಾದವು.

ಯಾದಗಿರಿಯ ಹುಡುಗಿಗೆ ಕಸ ತೆಗೆಯಲು ನಿಂತು ತಳ್ಳುವ ಸೈಕಲ್ ಎಡೆಕುಂಟೆ ಸಿಕ್ಕಿತು. ಬೆಲೆ ಎರಡು ಸಾವಿರದ ಸುತ್ತ. ಅವಳು ಅದನ್ನು ತಳ್ಳಿ ನೋಡಿ, ಹಿಡಿಕೆಯ ಎತ್ತರ ಅಳೆದುಕೊಂಡು, ಎರೆ ಮಣ್ಣಿನಲ್ಲಿ ನಡೆಯುತ್ತದೆಯೇ ಎಂದು ಕೇಳಿದಳು. ಮಣ್ಣು ಹಸಿಯಿದ್ದರೆ ಗಾಲಿಗೆ ಮೆತ್ತಿಕೊಳ್ಳುತ್ತದೆ, ಪೂರ್ತಿ ಒಣಗಿದರೆ ಅಲಗು ಇಳಿಯುವುದಿಲ್ಲ, ನಡುವಿನ ಹದದ ನಾಲ್ಕು ದಿನ ಚೆನ್ನಾಗಿ ನಡೆಯುತ್ತದೆ ಎಂದು ಮಳಿಗೆಯವರು ಮುಚ್ಚುಮರೆಯಿಲ್ಲದೆ ಹೇಳಿದರು. ಮರುದಿನ ಶಾಲೆಯಿಂದಲೇ ಅಜ್ಜಿಗೆ ಫೋನ್ ಮಾಡಿಸಿದೆ, ಸ್ಪೀಕರ್ ಹಾಕಿದ್ದರಿಂದ ತರಗತಿಯೆಲ್ಲ ಕೇಳುತ್ತಿತ್ತು. ಅಜ್ಜಿ ಎಲ್ಲವನ್ನೂ ಸಮಾಧಾನದಿಂದ ಕೇಳಿಸಿಕೊಂಡು, "ಛಲೋ ಅದವ್ವ. ಆದರ ಅದು ಬಂದ್ರ ಒಬ್ಬಾಕಿನೇ ನಾಕು ಮಂದಿ ಕೆಲಸ ಮಾಡ್ತಾಳ. ನಮ್ಮ ಕೂಲಿ ಎಲ್ಲಿ ಹೋಗ್ತದ?" ಎಂದರು. ತರಗತಿ ಸುಮ್ಮನಾಯಿತು. ನನ್ನ ಪಾಠಯೋಜನೆಯಲ್ಲಿ ಅದಕ್ಕೆ ಉತ್ತರವಿರಲಿಲ್ಲ. ಅಂದು ಹಿಂದಿನ ಬೆಂಚಿನಲ್ಲಿ ಕುಳಿತಿದ್ದ ನನ್ನ ಮಾರ್ಗದರ್ಶಕರು ಎದ್ದು ಬಂದು, ಮುಂದಿನ ತಾಸಿನ ತಮ್ಮ ಗಣಿತವನ್ನು ಬಿಟ್ಟು, ಎಕರೆಗೆ ಎಷ್ಟು ಆಳು, ಎಷ್ಟು ದಿನ, ಎಷ್ಟು ಕೂಲಿ, ನಾಲ್ವರು ಕೂಡಿ ಒಂದು ಎಡೆಕುಂಟೆ ಕೊಂಡು ಗುತ್ತಿಗೆಯ ಮೇಲೆ ಕೆಲಸ ಹಿಡಿದರೆ ಏನಾಗುತ್ತದೆ ಎಂಬ ಲೆಕ್ಕವನ್ನು ಹಲಗೆಯ ಮೇಲೆ ಮಕ್ಕಳಿಂದಲೇ ಮಾಡಿಸಿದರು. ಆ ಲೆಕ್ಕವನ್ನು ಹುಡುಗಿ ಸಂಜೆ ಮತ್ತೆ ಅಜ್ಜಿಗೆ ಓದಿ ಹೇಳಿದಳು. ಅಜ್ಜಿ ಇನ್ನೂ ಯಾವುದನ್ನೂ ಒಪ್ಪಿಲ್ಲ, ಹಿಡಿಕೆಯ ಅಳತೆಯನ್ನು ಮಾತ್ರ ಕೇಳಿ ಇಟ್ಟುಕೊಂಡಿದ್ದಾರೆ.

ಹಿಂತಿರುಗುವ ದಾರಿಯ ಬಗ್ಗೆ ಹೇಳುವಂಥದ್ದೇನೂ ಇಲ್ಲ. ಸಂಜೆಯ ಗಾಡಿ ಹಿಡಿದು ರಾತ್ರಿ ಹತ್ತರ ಹೊತ್ತಿಗೆ ಮುಂಬಯಿ ಸೇರಿದೆವು. ಪಾಲಕರು ನಿಲ್ದಾಣಕ್ಕೆ ಬರಬೇಕೆಂದು ಮೊದಲೇ ಬರೆಸಿಕೊಂಡಿದ್ದರಿಂದ ತೊಂದರೆಯಾಗಲಿಲ್ಲ. ಬದಲಿಸಬೇಕಾದವು ಎರಡಿವೆ. ಒಂದೇ ದಿನದಲ್ಲಿ ಹೋಗಿ ಬರುವುದು ಈ ವಯಸ್ಸಿನವರಿಗೆ ಅತಿಯಾಯಿತು, ಪುಣೆಯ ಕನ್ನಡ ಕುಟುಂಬಗಳಲ್ಲಿ ಒಂದು ರಾತ್ರಿ ಉಳಿಸುವ ಏರ್ಪಾಡಿಗೆ ಈಗಲೇ ಮಾತು ಆರಂಭಿಸಿದ್ದೇನೆ. ಇನ್ನೊಂದು, ಫೋನಿನಲ್ಲಿ ಉತ್ತರ ಹೇಳುವ ಕೆಲಸವನ್ನು ಮಕ್ಕಳ ಪಾಡಿಗೆ ಬಿಡಬಾರದು. ಶಾಲೆಯಲ್ಲಿ ನಮ್ಮೆದುರಿಗೆ ಮಾಡಿಸಿದ ಒಂಬತ್ತು ಕರೆಗಳಲ್ಲಿ ಮರುಪ್ರಶ್ನೆಗಳು ಬಂದವು, ಮನೆಯಿಂದ ಮಾಡಿದ ನಾಲ್ಕರಲ್ಲಿ ಒಂದೂ ಬರಲಿಲ್ಲ. ಲೆಕ್ಕ ಮುಗಿದ ಮೇಲೆ ಉಳಿದದ್ದು ಮುನ್ನೂರ ನಲವತ್ತು, ಇಲ್ಲವೇ ಐವತ್ತು ರೂಪಾಯಿ. ಅದನ್ನು ಮುಖ್ಯಾಧ್ಯಾಪಕರ ಡಬ್ಬಿಯಲ್ಲಿ ಇಟ್ಟಿದ್ದೆವು. ಜೂನ್‌ನಲ್ಲಿ ಆ ಹಣದಿಂದಲೇ ಅಫಜಲಪುರದ ಅಜ್ಜನ ಹೊಲದ ಹೊಸ ಮಣ್ಣಿನ ಪಾರ್ಸಲ್ ಬಿಡಿಸಿಕೊಂಡೆವು. ಈ ಸಲ ಪೊಟ್ಟಣಗಳು ಎರಡಿದ್ದವು: ತೊಗರಿ ಒಣಗಿದ ಕಡೆಯದು ಒಂದು, ಒಣಗದ ಕಡೆಯದು ಇನ್ನೊಂದು.